ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಟ ಎರಡರಷ್ಟು ಓಡುತ್ತದೆಯೇ?

ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದು ಸಾಲದಿದ್ದರೆ ಪಕ್ಕದಲ್ಲಿ ಇನ್ನೊಂದು ಹಾಕಿದರಾಯಿತು, ಅಲ್ವಾ? ಗೇಮಿಂಗ್ ಕಂಪ್ಯೂಟರ್ ಕಟ್ಟುವವರು ಸುಮಾರು ಇಪ್ಪತ್ತು ವರ್ಷ ಇದೇ ಲೆಕ್ಕ ಹಾಕಿದರು. ಲೆಕ್ಕ ಪೂರ್ತಿ ತಪ್ಪೇನಲ್ಲ. ಆದರೆ ಎರಡು ಕಾರ್ಡ್‌ಗಳು ಚಿತ್ರಗಳನ್ನು ಜಾಸ್ತಿ ಮಾಡಿಕೊಟ್ಟವೇ ಹೊರತು, ಒಂದೊಂದು ಚಿತ್ರವನ್ನು ಬೇಗ ಮಾಡಿಕೊಡಲಿಲ್ಲ. ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಮೊದಮೊದಲು ಕೆಲಸ ಹಂಚುವುದು ಸುಲಭವಿತ್ತು. 1998ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ 2 ಕಾರ್ಡ್ ಬಂತು. ಎರಡು ಕಾರ್ಡ್ ತಂದು ಕೇಬಲ್‌ನಿಂದ ಜೋಡಿಸಿದರೆ, ಪರದೆಯ ಗೆರೆಗಳಲ್ಲಿ ಒಂದು ಬಿಟ್ಟು ಒಂದನ್ನು ಎರಡೂ ಹಂಚಿಕೊಂಡು ಬಿಡಿಸುತ್ತಿದ್ದವು. ಅಕ್ಕಪಕ್ಕದ ಗೆರೆಗಳಲ್ಲಿ ಇರುವುದು ಹೆಚ್ಚುಕಮ್ಮಿ ಒಂದೇ ದೃಶ್ಯ. ಹಾಗಾಗಿ ಇಬ್ಬರ ಮೇಲೂ ಸಮನಾದ ಹೊರೆ. 800×600 ಪಿಕ್ಸೆಲ್‌ಗೆ (ಚಿತ್ರದ ಚುಕ್ಕಿಗಳು) ನಿಲ್ಲುತ್ತಿದ್ದ ಚಿತ್ರ 1024×768ಕ್ಕೆ ಏರಿತು. ಈ ಜೋಡಣೆಯನ್ನು ಎಸ್‌ಎಲ್‌ಐ ಎನ್ನುತ್ತಿದ್ದರು. ಮುಂದೆ 3ಡಿಎಫ್‌ಎಕ್ಸ್ ಮುಳುಗಿತು, ಅದರ ಆಸ್ತಿ ಎನ್‌ವಿಡಿಯಾ ಪಾಲಾಯಿತು. 2004ರಲ್ಲಿ ಎನ್‌ವಿಡಿಯಾ ಹೊಸ ರೂಪದ ಎಸ್‌ಎಲ್‌ಐ ತಂದಿತು. ಮರುವರ್ಷ ಅದರ ಎದುರಾಳಿ ಕಂಪನಿ ಎಟಿಐ ಅದೇ ಬಗೆಯ ಕ್ರಾಸ್‌ಫೈರ್ ತಂದಿತು.

ಅಷ್ಟರಲ್ಲಿ ಆಟಗಳು ಬದಲಾಗಿದ್ದವು. ಪರದೆಯನ್ನು ಅಡ್ಡಕ್ಕೆ ಎರಡು ಭಾಗ ಮಾಡಿ ಹಂಚೋಣ ಎಂದರೆ ಮೇಲೆ ಖಾಲಿ ಆಕಾಶ, ಕೆಳಗೆ ಯುದ್ಧ. ಗಡಿಯನ್ನು ಹೊರೆಗೆ ತಕ್ಕಂತೆ ಸರಿಸಬಹುದು, ನಿಜ. ಆದರೂ ದೃಶ್ಯವನ್ನು ಕಟ್ಟುವ ಪುಟ್ಟ ತ್ರಿಕೋನಗಳ ಲೆಕ್ಕವನ್ನು ಎರಡೂ ಕಾರ್ಡ್‌ಗಳು ಬೇರೆಬೇರೆಯಾಗಿ ಮಾಡಬೇಕು. ಅದಕ್ಕೇ ಹೆಚ್ಚಿನ ಕಡೆ ಬಳಕೆಗೆ ಬಂದದ್ದು ಬೇರೆ ದಾರಿ: ಒಂದು ಫ್ರೇಮ್ (ಪರದೆಗೆ ಬರುವ ಒಂದು ಪೂರ್ತಿ ಚಿತ್ರ) ಈ ಕಾರ್ಡಿಗೆ, ಮುಂದಿನದು ಆ ಕಾರ್ಡಿಗೆ. ಚೆನ್ನಾಗಿ ಹೊಂದಿಕೊಂಡ ಆಟಗಳಲ್ಲಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ, ಹತ್ತಿರಹತ್ತಿರ ದುಪ್ಪಟ್ಟಾಗುತ್ತಿತ್ತು.

ಈಗ ಆ ದುಪ್ಪಟ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಕಾರ್ಡ್ ಸೆಕೆಂಡಿಗೆ 30 ಫ್ರೇಮ್ ಕೊಡುತ್ತದೆ ಎಂದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್. ಎರಡು ಕಾರ್ಡ್ ಸೇರಿ 60 ಕೊಟ್ಟರೂ ಪ್ರತಿ ಫ್ರೇಮ್ ತಯಾರಾಗಲು ಅದೇ 33 ಮಿಲಿಸೆಕೆಂಡ್ ಬೇಕು. ನೀವು ಮೌಸ್ ಒತ್ತಿದ್ದು ಪರದೆಗೆ ಬರುವಷ್ಟರಲ್ಲಿ ಆಗುವ ತಡ, 60 ಫ್ರೇಮ್ ಕೊಡುವ ಒಂಟಿ ಕಾರ್ಡಿಗಿಂತ ಜಾಸ್ತಿಯೇ.

ಇನ್ನು ಫ್ರೇಮ್‌ಗಳು ಸಮನಾದ ಅಂತರದಲ್ಲಿ ಬಂದರೆ ಪುಣ್ಯ. 60 ಎಂದರೆ ಸುಮಾರು 17 ಮಿಲಿಸೆಕೆಂಡಿಗೊಂದು ಬರಬೇಕು. ಆದರೆ ಎರಡನೇ ಕಾರ್ಡ್ ಮೊದಲನೆಯದರ ಬೆನ್ನಿಗೇ ಕೆಲಸ ಮುಗಿಸಿಬಿಟ್ಟರೆ? 5 ಮಿಲಿಸೆಕೆಂಡಿಗೆ ಒಂದು, ಆಮೇಲೆ 28 ಕಾದು ಇನ್ನೊಂದು, ಮತ್ತೆ 5, ಮತ್ತೆ 28. ಸರಾಸರಿ ತೆಗೆದರೆ ಅದೂ 60. ಮೀಟರ್ ಹೆಮ್ಮೆಯಿಂದ 60 ತೋರಿಸುತ್ತದೆ, ಕಣ್ಣಿಗೆ ಸಿಕ್ಕುವುದು 30ರ ಆಸುಪಾಸಿನ ಆಟ. ಇದಕ್ಕೆ ಮೈಕ್ರೋ ಸ್ಟಟರ್ ಎನ್ನುತ್ತಾರೆ. ಸರಾಸರಿ ಬಿಟ್ಟು ಒಂದೊಂದೇ ಫ್ರೇಮಿನ ಸಮಯ ಅಳೆಯಲು ಶುರುಮಾಡಿದ ಮೇಲೆ ಈ ಗುಟ್ಟು ರಟ್ಟಾಯಿತು. 2013ರಲ್ಲಿ, ಎಟಿಐಯನ್ನು ಕೊಂಡಿದ್ದ ಎಎಂಡಿ, ಫ್ರೇಮ್‌ಗಳ ಅಂತರ ಸರಿಪಡಿಸುವ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಬಿಡಬೇಕಾಯಿತು.

ಮೆಮೊರಿಯೂ ಕೂಡುತ್ತಿರಲಿಲ್ಲ. 4 ಜಿಬಿಯ ಎರಡು ಕಾರ್ಡ್ ಹಾಕಿದರೆ ಆಟಕ್ಕೆ ಸಿಗುವುದು 4 ಜಿಬಿಯೇ, ಯಾಕೆಂದರೆ ಟೆಕ್ಸ್ಚರ್‌ಗಳ, ಅಂದರೆ ವಸ್ತುಗಳ ಮೇಲ್ಮೈಗೆ ಹಚ್ಚುವ ಚಿತ್ರಗಳ, ಪ್ರತಿ ಎರಡರಲ್ಲೂ ಇರಬೇಕು. ಶಾಖದ ಮಾತಂತೂ ಕೇಳಲೇಬೇಡಿ. 2014ರ ಎಎಂಡಿ ಆರ್9 295ಎಕ್ಸ್2 ಒಂದೇ ಬೋರ್ಡಿನ ಮೇಲೆ ಎರಡು ಚಿಪ್ ಇಟ್ಟು 500 ವಾಟ್ ನುಂಗುತ್ತಿತ್ತು. ಚಿಪ್‌ಗಳನ್ನು ತಣ್ಣಗಿಡಲು ದ್ರವದ ಕೂಲರ್ ಬೇಕಾಯಿತು.

ಇದೆಲ್ಲ ಸಹಿಸಿಕೊಳ್ಳಬಹುದಿತ್ತು. ನನ್ನ ಪ್ರಕಾರ ಈ ಪದ್ಧತಿಯನ್ನು ನಿಜಕ್ಕೂ ಮುಗಿಸಿದ್ದು ಹೊಸ ಆಟಗಳು ಚಿತ್ರ ಬಿಡಿಸುವ ರೀತಿ. ಈಗ ಒಂದು ಫ್ರೇಮ್ ಬಿಡಿಸಲು ಹಿಂದಿನ ಫ್ರೇಮಿನ ಮಾಹಿತಿ ಬೇಕು. ಅಂಚುಗಳ ಮೆಟ್ಟಿಲು ನುಣುಪಾಗಿಸುವುದು, ಕಡಿಮೆ ಪಿಕ್ಸೆಲ್‌ನಿಂದ ದೊಡ್ಡ ಚಿತ್ರ ಕಟ್ಟುವುದು, ಎರಡೂ ಹಳೆಯ ಫ್ರೇಮ್‌ಗಳನ್ನು ನೋಡಿಯೇ ನಡೆಯುತ್ತವೆ. ಆ ಹಿಂದಿನ ಫ್ರೇಮ್ ಇರುವುದು ಪಕ್ಕದ ಕಾರ್ಡಿನಲ್ಲಿ. 4ಕೆ ಚಿತ್ರ ಎಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಪಿಕ್ಸೆಲಿಗೆ 4 ಬೈಟ್ ಹಿಡಿದರೆ ಬಣ್ಣಕ್ಕೇ 33 ಎಂಬಿ. ಆಳ, ಚಲನೆಯ ಮಾಹಿತಿ ಬೇರೆ. ಸಾಗಿಸುವುದು ಹೋಗಲಿ, ಮೊದಲನೆಯದು ಮುಗಿಸುವ ತನಕ ಎರಡನೆಯದು ಸುಮ್ನೆ ಕಾಯಬೇಕಲ್ಲ. ಇಬ್ಬರೂ ಕಾಯುತ್ತಾ ಕೂತರೆ ಇಬ್ಬರಿದ್ದು ಏನು ಲಾಭ?

ವಿಂಡೋಸ್ ಆಟಗಳು ಗ್ರಾಫಿಕ್ಸ್ ಕಾರ್ಡಿನಿಂದ ಕೆಲಸ ಮಾಡಿಸಲು ಬಳಸುವ ಡೈರೆಕ್ಟ್‌ಎಕ್ಸ್‌ನ 12ನೇ ಆವೃತ್ತಿ ಬಂದಾಗ ಈ ಹಂಚಿಕೆಯ ಕೆಲಸವನ್ನು ಆಟ ಬರೆಯುವವರೇ ಮಾಡುವ ದಾರಿ ತೆರೆಯಿತು. ಬೇರೆಬೇರೆ ಕಂಪನಿಯ ಕಾರ್ಡ್‌ಗಳನ್ನೂ ಒಟ್ಟಿಗೆ ದುಡಿಸಬಹುದಿತ್ತು. ಆದರೆ ಎರಡು ಕಾರ್ಡ್ ಇಟ್ಟುಕೊಂಡ ಬೆರಳೆಣಿಕೆ ಜನರಿಗಾಗಿ ಅಷ್ಟು ಕಷ್ಟಪಡಲು ಹೆಚ್ಚಿನವರು ಮನಸ್ಸು ಮಾಡಲಿಲ್ಲ. ಅವರನ್ನು ದೂರುವಂತಿಲ್ಲ ಬಿಡಿ. 2021ರಿಂದ ಎನ್‌ವಿಡಿಯಾ ಹೊಸ ಎಸ್‌ಎಲ್‌ಐ ಪ್ರೊಫೈಲ್ (ಒಂದೊಂದು ಆಟಕ್ಕೆ ಕೆಲಸ ಹಂಚುವ ಸೆಟ್ಟಿಂಗ್) ಸೇರಿಸುವುದನ್ನು ನಿಲ್ಲಿಸಿತು. ಅದರ ಆರ್‌ಟಿಎಕ್ಸ್ 3090 ಕಾರ್ಡಿನಲ್ಲಿ ಜೋಡಣೆಯ ಕನೆಕ್ಟರ್ ಇತ್ತು, 4090ರಲ್ಲಿ ಇಲ್ಲ.

ಆಟದಾಚೆ ಮಾತ್ರ ಎರಡು, ನಾಲ್ಕು ಕಾರ್ಡ್‌ಗಳು ಇಂದಿಗೂ ಚೆನ್ನಾಗಿ ದುಡಿಯುತ್ತವೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಅನಿಮೇಶನ್ ಮಾಡುವವರು 10ನೇ ಫ್ರೇಮನ್ನು ಒಂದು ಕಾರ್ಡಿಗೆ, 11ನೆಯದನ್ನು ಇನ್ನೊಂದಕ್ಕೆ ಕೊಟ್ಟು ಮಲಗಲು ಹೋಗಬಹುದು. ಅಲ್ಲಿ 17 ಮಿಲಿಸೆಕೆಂಡಿನ ಗಡುವಿಲ್ಲ, ಯಾವುದು ಮೊದಲು ಮುಗಿದರೂ ಯಾರಿಗೂ ತೊಂದರೆಯಿಲ್ಲ.