ಹಸುಗೂಸಿನ ಬೆನ್ನಿಗೆ ಸೂಜಿ: ಭಯ ಎಲ್ಲಿರಬೇಕು?

ಹರ್ನಿಯಾ ಆಪರೇಷನ್ ಆಗುವ ಪುಟ್ಟ ಮಗುವಿಗೆ ಇವತ್ತು ಕಾಡಲ್ ಬ್ಲಾಕ್ ಕೊಡುವುದು ಮಾಮೂಲು. ಬೆನ್ನಿನ ಕೆಳತುದಿಯಲ್ಲಿ ಸೂಜಿ ಹಾಕಿ ಬುಪಿವಕೈನ್‌ನಂಥ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಮಗು ಎಚ್ಚರವಾದ ಮೇಲೂ ಕೆಲವು ಗಂಟೆ ನೋವು ಕಾಡುವುದಿಲ್ಲ. ಬೆನ್ನಿಗೆ ಸೂಜಿ ಅಂದರೆ ಅಪ್ಪ ಅಮ್ಮ ಹೆದರುವುದು ಸಹಜ ಅಲ್ವಾ? ಆದರೆ ಇದರ ಚರಿತ್ರೆ ನೋಡಿದರೆ, ಸೂಜಿಗಿಂತ ಜಾಸ್ತಿ ಎಚ್ಚರ ಬೇಕಾದದ್ದು ಡೋಸಿನ ವಿಷಯದಲ್ಲಿ.

ಮಕ್ಕಳ ಬೆನ್ನಿಗೆ ಸೂಜಿ ಹಾಕಿ ಮರಗಟ್ಟಿಸುವ ಪದ್ಧತಿ ಹಳೆಯದು. ಲಂಡನ್ನಿನ ವೈದ್ಯ ಟಿರೆಲ್ ಗ್ರೇ 1909ರಲ್ಲೇ ಮಕ್ಕಳಿಗೂ ಕೂಸುಗಳಿಗೂ ಸ್ಪೈನಲ್ (ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧಿ ಬಿಡುವ ಅರಿವಳಿಕೆ) ಕೊಟ್ಟ ಅನುಭವ ಪ್ರಕಟಿಸಿದ್ದರು. ಆಮೇಲೆ ಪೂರ್ತಿ ನಿದ್ದೆ ಬರಿಸುವ ಅರಿವಳಿಕೆ ಸುಧಾರಿಸಿತು, ಇದು ಹಿಂದೆ ಸರಿಯಿತು. 1987ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತು ಜೊತೆಗಾರರು ಆಕ್ಸ್‌ಫರ್ಡ್‌ನಲ್ಲಿ ಒಂದು ಮುಖ್ಯ ವಿಷಯ ತೋರಿಸಿದರು: ಸಾಕಷ್ಟು ಅರಿವಳಿಕೆ ಸಿಗದಿದ್ದರೆ ಅವಧಿಗೆ ಮೊದಲೇ ಹುಟ್ಟಿದ ಕೂಸಿನ ದೇಹವೂ ಆಪರೇಷನ್‌ಗೆ ತತ್ತರಿಸುತ್ತದೆ. ಕೂಸುಗಳ ನೋವನ್ನು ಅಲ್ಲಿಯವರೆಗೆ ಅಷ್ಟು ಹಗುರವಾಗಿ ಕಂಡದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ.

ನೋವು ತಗ್ಗಿಸುವ ಕಾಳಜಿ ಹೆಚ್ಚಿದಂತೆ, ಸಣ್ಣ ನಳಿಕೆ ಇಟ್ಟು ಗಂಟೆಗಟ್ಟಲೆ ಎಪಿಡ್ಯೂರಲ್ ಔಷಧಿ (ಬೆನ್ನುಹುರಿಯ ಹೊದಿಕೆಯ ಹೊರಗೆ ಬಿಡುವಂಥದ್ದು) ಹರಿಸುವುದೂ ಹೆಚ್ಚಿತು. 1992ರ ಸುಮಾರಿಗೆ ಕೆಟ್ಟ ಸುದ್ದಿ ಬಂತು. ಕೆಲವು ಮಕ್ಕಳಿಗೆ ಫಿಟ್ಸ್ ಬಂದಿತ್ತು. ಹಸುಗೂಸಿನ ಲಿವರ್ ಇನ್ನೂ ಪಳಗಿರುವುದಿಲ್ಲ, ಬುಪಿವಕೈನ್ ನಿಧಾನವಾಗಿ ಕರಗುತ್ತದೆ. ಔಷಧಿಯನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್ ರಕ್ತದಲ್ಲಿ ಕಡಿಮೆ, ಹಾಗಾಗಿ ಬಿಡಿಯಾಗಿ ತಿರುಗಾಡುವ ಔಷಧಿ ಜಾಸ್ತಿ. ಔಷಧಿ ಮಿತಿ ಮೀರಿದಾಗ ದೊಡ್ಡವರಾದರೆ 'ನಾಲಿಗೆ ಜೋಮು ಹಿಡಿದಿದೆ, ಕಿವಿ ಗುಂಯ್ ಅಂತಿದೆ' ಎಂದು ಮೊದಲೇ ಹೇಳುತ್ತಾರೆ. ಕೂಸಿಗೆ ಮಾತು ಬರುವುದಿಲ್ಲ.

ಬಾಸ್ಟನ್ನಿನ ಅರಿವಳಿಕೆ ತಜ್ಞ ಚಾರ್ಲ್ಸ್ ಬರ್ಡಿ ಆಗಲೇ ಹೀಗೆ ಹರಿಸುವ ಬುಪಿವಕೈನ್‌ಗೆ ಮಿತಿ ಸೂಚಿಸಿದರು. ದೊಡ್ಡ ಮಕ್ಕಳಿಗೆ ಗಂಟೆಗೆ, ಕೆಜಿಗೆ ಸುಮಾರು 0.4 ಮಿಲಿಗ್ರಾಂ, ನವಜಾತ ಶಿಶುಗಳಿಗೆ ಅದರ ಅರ್ಧ. ಇವತ್ತಿನ ಲೆಕ್ಕಗಳಿಗೂ ಇದೇ ತಳಹದಿ.

ಅನಾಹುತಗಳನ್ನು ಒಟ್ಟುಗೂಡಿಸಿ ಎಣಿಸುವ ಕೆಲಸವೂ ನಡೆಯಿತು. ನನಗೆ ಅತಿ ದೊಡ್ಡ ಹೆಜ್ಜೆ ಅನಿಸುವುದು ಇದೇ. ಫ್ರೆಂಚ್ ಭಾಷೆಯ ಮಕ್ಕಳ ಅರಿವಳಿಕೆ ತಜ್ಞರ ಸಂಘ 1993-94ರಲ್ಲಿ 24,409 ಬ್ಲಾಕ್‌ಗಳನ್ನು (ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದುಗಳನ್ನು) ದಾಖಲಿಸಿತು. ತೊಂದರೆ ಅಪರೂಪ, ಯಾವುದೂ ಶಾಶ್ವತ ಹಾನಿ ಉಳಿಸಲಿಲ್ಲ. ಅಮೆರಿಕದ ಆಸ್ಪತ್ರೆಗಳ ಜಾಲವೊಂದು 2018ರಲ್ಲಿ 1 ಲಕ್ಷಕ್ಕೂ ಮೀರಿದ ಬ್ಲಾಕ್‌ಗಳ ವರದಿ ಕೊಟ್ಟಿತು. ಶಾಶ್ವತ ನರಹಾನಿ ಒಂದೂ ಇರಲಿಲ್ಲ. ಔಷಧಿ ತೀವ್ರವಾಗಿ ನಂಜಾದದ್ದು 10,000ಕ್ಕೆ 1ಕ್ಕಿಂತ ಕಡಿಮೆ. ಆದರೆ ಅಂಥ ಪ್ರಕರಣಗಳಲ್ಲಿ ಹೆಚ್ಚಿನವು ಹಸುಗೂಸುಗಳದೇ.

ನಂಜಿಗೆ ಮದ್ದೂ ಸಿಕ್ಕಿತು. ಬುಪಿವಕೈನ್‌ನಿಂದ ಹೃದಯ ನಿಲ್ಲುವುದನ್ನು ಕೊಬ್ಬಿನ ದ್ರಾವಣ ತಡೆಯಬಲ್ಲದು ಎಂದು ಗೈ ವೈನ್‌ಬರ್ಗ್ ತಂಡ 1998ರಲ್ಲಿ ಇಲಿಗಳಲ್ಲಿ ಕಂಡಿತು. 2006ರಲ್ಲಿ ಅದು ಮನುಷ್ಯನ ಜೀವ ಉಳಿಸಿದ ಮೊದಲ ವರದಿ ಬಂತು. ಬ್ಲಾಕ್ ಕೊಡುವ ಜಾಗದಲ್ಲಿ ಈ ಬಿಳಿ ದ್ರಾವಣ ಕೈಗೆಟಕುವಂತೆ ಇರಲೇಬೇಕು.

ಇನ್ನೊಂದು ಮಾತು. ಸರ್ಜನ್ ಗಾಯದ ಸುತ್ತ ಚುಚ್ಚುವ ಲಿಗ್ನೊಕೈನ್ ಎಂಬ ಮರಗಟ್ಟಿಸುವ ಔಷಧಿ ಕೂಡ ಅದೇ ಡೋಸಿನ ಲೆಕ್ಕಕ್ಕೆ ಸೇರುತ್ತದೆ. ಐದು ಕೆಜಿ ತೂಗುವ ಕೂಸಿನಲ್ಲಿ ಇಬ್ಬರು ಡಾಕ್ಟರ್‌ಗಳ ಎರಡು ಸಿರಿಂಜ್‌ಗಳನ್ನು ಕೂಡಿಸಿಯೇ ಮಿತಿ ನೋಡಬೇಕು.