ನಾಡಗೀತೆಯ ತೈಲಪ ಯಾರು?

ಓದುಗರ ಪ್ರಶ್ನೆ: ನಾಡಗೀತೆಯಲ್ಲಿ ‘ತೈಲಪ ಹೊಯ್ಸಳರಾಳಿದ ನಾಡೆ’ ಅಂತ ಬರುತ್ತಲ್ಲ, ಈ ತೈಲಪ ಹೊಯ್ಸಳ ದೊರೆಯೇ?

ಅಲ್ಲ. ಹಾಡುವಾಗ ಎರಡೂ ಹೆಸರು ಒಂದೇ ಉಸಿರಲ್ಲಿ ಬಂದುಬಿಡುತ್ತವೆ. ಅದಕ್ಕೇ ಹಾಗೆ ಕೇಳಿಸುತ್ತದೆ. ತೈಲಪ ಕಲ್ಯಾಣದ ಚಾಲುಕ್ಯರವನು. ಹೊಯ್ಸಳರದು ಬೇರೆ ಮನೆತನ, ಮೊದಮೊದಲು ಇದೇ ಚಾಲುಕ್ಯರ ಸಾಮಂತರಾಗಿದ್ದವರು.

ಕಲ್ಯಾಣದ ಚಾಲುಕ್ಯ ವಂಶದಲ್ಲಿ ತೈಲಪ ಎಂಬ ಹೆಸರಿನವರು ಒಬ್ಬರಿಗಿಂತ ಜಾಸ್ತಿ ಇದ್ದಾರೆ. ಕುವೆಂಪು ನೆನೆಯುತ್ತಿರುವುದು ಇಮ್ಮಡಿ ತೈಲಪನನ್ನು ಎಂದೇ ನಾನು ಓದಿಕೊಳ್ಳುತ್ತೇನೆ. ಮುಮ್ಮಡಿ ತೈಲಪನ ಕಾಲದಲ್ಲಿ ಕಲ್ಯಾಣ ಕಳಚುರಿ ಬಿಜ್ಜಳನ ಪಾಲಾಯಿತು. ರಾಜ್ಯ ಕಳೆದುಕೊಂಡವನು ಈ ಹಾಡಿಗೆ ಹೊಂದುವುದಿಲ್ಲ, ಅಲ್ವಾ? ಇಮ್ಮಡಿ ತೈಲಪ ರಾಜ್ಯ ಕಟ್ಟಿದವನು. ರಾಷ್ಟ್ರಕೂಟರ ಸಾಮಂತನಾಗಿದ್ದು, 973ರಲ್ಲಿ ಅವರ ದೊರೆ ಇಮ್ಮಡಿ ಕರ್ಕನನ್ನೇ ಸೋಲಿಸಿದ. ಬಾದಾಮಿಯಲ್ಲಿ ಮುಗಿದುಹೋಗಿದ್ದ ಚಾಲುಕ್ಯರ ಹೆಸರು 200 ವರ್ಷ ದಾಟಿದ ಮೇಲೆ ಮತ್ತೆ ತಲೆಯೆತ್ತಿತು. ಮಾಳವದ ಮುಂಜ ರಾಜನನ್ನು ಸೆರೆ ಹಿಡಿದವನೂ ಇವನೇ.

ಈ ಹೆಸರು ಗೊತ್ತಾದರೆ ಹಾಡಿನ ಇನ್ನೊಂದು ಚರಣದ ಬೀಗವೂ ತೆರೆಯುತ್ತದೆ. ನನಗೆ ಇಷ್ಟವಾಗುವುದು ಅದು. ಅಲ್ಲಿ ರನ್ನ, ಪೊನ್ನ ಬರುತ್ತಾರೆ. ರನ್ನನಿಗೆ ‘ಕವಿಚಕ್ರವರ್ತಿ’ ಬಿರುದು ಕೊಟ್ಟವನು ಈ ತೈಲಪ. ಗದಾಯುದ್ಧದಲ್ಲಿ ರನ್ನ ಭೀಮನಿಗೆ ಹೋಲಿಸುವುದು ತೈಲಪನ ಮಗ ಸತ್ಯಾಶ್ರಯನನ್ನು. ಪೊನ್ನ ಇದ್ದದ್ದು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಆಸ್ಥಾನದಲ್ಲಿ, ಅಂದರೆ ತೈಲಪ ಉರುಳಿಸಿದ ಮನೆತನದಲ್ಲಿ.

ಮನೆತನ ಹೋಯಿತು, ಪೊನ್ನನ ಕಾವ್ಯ ಹೋಗಲಿಲ್ಲ. ಅದನ್ನು ಕಾಪಾಡಿದವಳು ತೈಲಪನ ಕಡೆಯವಳೇ. ಅವನ ದಂಡನಾಯಕ ನಾಗದೇವನ ಹೆಂಡತಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು. ಸುಮ್ನೆ ಮಾತಲ್ಲ. ಓಲೆಗರಿಯ ಮೇಲೆ ಕಂಟದಿಂದ, ಅಂದರೆ ಚೂಪಾದ ಕಬ್ಬಿಣದ ಲೇಖನಿಯಿಂದ, ಒಂದೊಂದೇ ಅಕ್ಷರ ಕೊರೆಯಬೇಕು, ಹಾಗೆ ಇಡೀ ಕಾವ್ಯ, ಹಾಗೆ ಸಾವಿರ ಸಲ. 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಸಿದವಳೂ ಇವಳೇ. ಹಾಡಿನಲ್ಲಿ ಅವಳ ಹೆಸರಿಲ್ಲ. ಆದರೆ ಈಗ ಆ ಚರಣ ಕೇಳಿದಾಗಲೆಲ್ಲ ನನಗೆ ಅವಳೇ ನೆನಪಾಗುತ್ತಾಳೆ.

ತೈಲಪನ ಸಾಲಿನ ಪಕ್ಕದಲ್ಲೇ ಇರುವ ಡಂಕಣ, ಜಕಣರನ್ನು ಓದುವ ಬಗೆ ಬೇರೆ. ಅಮರಶಿಲ್ಪಿ ಜಕಣಾಚಾರಿ, ಅವನ ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ – ಇದೆಲ್ಲ ಬಾಯಿಂದ ಬಾಯಿಗೆ ಬಂದ ಕಥೆ. ತೈಲಪನಿಗೆ ಶಾಸನಗಳ ಆಧಾರವಿದೆ, ಇವರಿಗೆ ಜನರ ನೆನಪೇ ಆಧಾರ. ಬೇಲೂರಿನ ವಿಗ್ರಹಗಳಲ್ಲಿ ಕೊರೆದಿರುವ ಶಿಲ್ಪಿಗಳ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣ ಸಿಗುತ್ತಾರೆ. ಅವರೂ ಅಪ್ಪ, ಮಗ! ಮುಂದಿನ ಸಲ ಬೇಲೂರಿಗೆ ಹೋದರೆ, ಮದನಿಕೆಯರ ಮುಖ ನೋಡಿದ ಮೇಲೆ ಅವರ ಪಾದದ ಕೆಳಗಿನ ಅಕ್ಷರಗಳನ್ನೂ ಹುಡುಕಿ ನೋಡಿ.