‘ಟೋಕಿಯೋ ಸ್ಟೋರಿ’: ರೈಲು ಎಲ್ಲಿ ಹೋಯಿತು?

ನಿನ್ನೆ ರಾತ್ರಿ ಎರಡನೇ ಸಲ ನೋಡಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಜಪಾನಿನ ಯಸುಜಿರೋ ಓಝು 1953ರಲ್ಲಿ ಮಾಡಿದ ಸಿನಿಮಾ. ಒನೊಮಿಚಿ ಎಂಬ ಊರಿನ ವಯಸ್ಸಾದ ಗಂಡ ಹೆಂಡತಿ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ಯುದ್ಧಕ್ಕೆ ಹೋಗಿ ವಾಪಸ್ ಬಾರದ ಮಗನ ಹೆಂಡತಿ ನೊರಿಕೊ ಮಾತ್ರ ರಜೆ ಹಾಕಿ ಊರು ತೋರಿಸುತ್ತಾಳೆ. ಕ್ಯಾಮೆರಾ ನೆಲದ ಹತ್ತಿರವೇ ಕೂತಿರುತ್ತದೆ, ಅಲುಗುವುದು ತೀರಾ ಅಪರೂಪ. ಇದು ಹತ್ತು ನಿಮಿಷದಲ್ಲಿ ರೂಢಿಯಾಗುತ್ತದೆ.

ನಾನು ಎಡವಿದ್ದು ಬೇರೆ ಕಡೆ. ಶುರುವಿನಲ್ಲಿ ಇಬ್ಬರೂ ಸಾಮಾನು ಕಟ್ಟುತ್ತಾರೆ. ಗಾಳಿ ದಿಂಬು ಎಲ್ಲಿ ಅಂತ ಚರ್ಚೆ. ‘ನಿನ್ನ ಹತ್ತಿರವೇ ಕೊಟ್ಟೆನಲ್ಲ’ ಅನ್ನುತ್ತಾನೆ ಅಜ್ಜ. ‘ಇಲ್ಲಿಲ್ಲ’ ಅನ್ನುತ್ತಾಳೆ ಅಜ್ಜಿ. ಕೊನೆಗೆ ಅದು ಅಜ್ಜನ ಚೀಲದಲ್ಲೇ ಸಿಗುತ್ತದೆ. ಮುಂದಿನ ಶಾಟ್‌ನಲ್ಲಿ ಹೊಗೆ ಉಗುಳುವ ಚಿಮಣಿಗಳು. ಟೋಕಿಯೋ ಬಂದೇಬಿಟ್ಟಿದೆ! ಪ್ರಯಾಣ ತಪ್ಪಿಹೋಯಿತೇನೋ ಅಂತ ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ತಪ್ಪಿಲ್ಲ. ಅದನ್ನು ತೋರಿಸಿಯೇ ಇಲ್ಲ.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಜಾಗ ಬದಲಾದಾಗಲೆಲ್ಲ ಸಿನಿಮಾ ನಿಲ್ಲಿಸಿ, ‘ನಡುವೆ ಏನಾಯಿತು, ಅದು ನನಗೆ ಯಾರಿಂದ ಗೊತ್ತಾಗುತ್ತಿದೆ?’ ಅಂತ ಕೇಳಿಕೊಳ್ಳುವುದು. ವಾಪಸ್ ಹೋಗುವಾಗ ಅಜ್ಜಿಗೆ ರೈಲಿನಲ್ಲಿ ಹುಷಾರು ತಪ್ಪುತ್ತದೆ. ನಾವು ನೋಡುವುದಿಲ್ಲ. ಒಸಾಕಾದ ಮಗ ಕೆಲಸದ ಜಾಗದಲ್ಲಿ ಜೊತೆಯವನಿಗೆ ಹೇಳುವಾಗ ತಿಳಿಯುತ್ತದೆ, ಅದೂ ಸುಮ್ನೆ ಮಾತಿನ ನಡುವೆ. ಸಾವೂ ಅಷ್ಟೇ. ಬೆಳಗಿನವರೆಗೆ ಉಳಿಯುವುದು ಕಷ್ಟ ಅನ್ನುತ್ತಾನೆ ಡಾಕ್ಟರ್ ಮಗ. ಆಮೇಲೆ ಬೆಳಗಿನ ಜಾವದ ಊರು, ಖಾಲಿ. ಮತ್ತೆ ಮನೆಯೊಳಗೆ ಬಂದರೆ ಮುಖದ ಮೇಲೆ ಬಿಳಿ ಬಟ್ಟೆ.

ಹೀಗೆ ಜನರೇ ಇಲ್ಲದ ಖಾಲಿ ಶಾಟ್‌ಗಳನ್ನು ಮೊದಲ ಸಲ ಅಲಂಕಾರ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ತೋರಿಸದೆ ಬಿಟ್ಟದ್ದು ನಮ್ಮೊಳಗೆ ಇಳಿಯುವಷ್ಟು ಹೊತ್ತು ಅವು ನಿಲ್ಲುತ್ತವೆ. ನಮ್ಮ ಮನೆಗಳಲ್ಲೂ ದೊಡ್ಡ ಸುದ್ದಿ ಬರುವುದು ಹೀಗೇ ಅಲ್ವಾ? ನಾವಿಲ್ಲದಾಗ ಆಗಿಹೋಗಿರುತ್ತದೆ. ಫೋನಿನಲ್ಲಿ ಯಾರೋ ಹೇಳುತ್ತಾರೆ.

ಪಾತ್ರಗಳು ಹೆಚ್ಚುಕಮ್ಮಿ ಕ್ಯಾಮೆರಾವನ್ನೇ ನೋಡಿ ಮಾತಾಡುವುದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನೋಡುವವರು ಕೊನೆಯ ನಿಮಿಷಗಳಿಗೆ ಕಾಯಿರಿ. ಅಷ್ಟು ಹೊತ್ತು ಬಚ್ಚಿಟ್ಟ ರೈಲಿನ ಒಳಗನ್ನು ಓಝು ಆಗ ತೋರಿಸುತ್ತಾನೆ. ನೊರಿಕೊ ಒಬ್ಬಳೇ ಕೂತಿದ್ದಾಳೆ. ಮಾವ ಕೊಟ್ಟ ಅತ್ತೆಯ ಗಡಿಯಾರವನ್ನು ತೆಗೆದು ನೋಡುತ್ತಾಳೆ.